ಲಿಂಗರಾಜ ಕಾಲೇಜಿನ್ಯಾಗ ಯಾರ್ ಯಾರ್ ಕಲಿಸಿ ಹೋಗ್ಯಾರ

ಹ್ವಾದ ವಾರ ಅಣ್ಣನ ಮಗಳು ಫೋನ್ ಮಾಡಿದ್ಲು. ಪಿಯುಸಿ ರಿಸಲ್ಟ್ ಬಂದೈತಿ, ಆರ್ಟ್ಸ್‌ನ್ಯಾಗ ಚಲೋ ಮಾರ್ಕ್ಸ್ ತಗೊಂಡಾಳ, ಈಗ ಬಿ.ಎ.ಕ್ಕ ಎಲ್ಲಿ ಅಡ್ಮಿಷನ್ ಮಾಡ್ಸೋದು ಅಂತ ಮನ್ಯಾಗ ದಿನಾ ಅದ ಮಾತು. ಅವರಪ್ಪ ಧಾರವಾಡಕ್ಕ ಹೋಗ್ಲಿ ಅಂತಾನ, ಅವರವ್ವ ಬೈಲಹೊಂಗಲದಾಗ ಮನಿಯಿಂದನ ಹೋಗಿ ಬರ್ಲಿ ಅಂತಾಳ, ಹುಡುಗಿ ಮನಸ್ಸು ಬೆಳಗಾವಿ ಮ್ಯಾಲೈತಿ. "ಕಾಕಾ, ನೀವು ಲಿಂಗರಾಜ ಕಾಲೇಜಿನ್ಯಾಗ ಕಲ್ತೀರಿ ಅಲ್ರಿ, ಅಲ್ಲಿ ಕಲ್ತು ಯಾರ್ ದೊಡ್ಡವ್ರಾಗ್ಯಾರ್ರಿ? ಅಪ್ಪಗ ಹೇಳಾಕ ಬೇಕಾಗೇತ್ರಿ" ಅಂದ್ಲು.

ಚಂದ್ರಶೇಖರ ಕಂಬಾರ ಅಂದೆ. ಜ್ಞಾನಪೀಠ. "ಮತ್ತ?" ಅಂದ್ಲು. ಆ 'ಮತ್ತ' ಅನ್ನೋದಕ್ಕ ಫೋನಿನ್ಯಾಗ ಉತ್ತರಾ ಹೇಳಾಕ ಆಗ್ಲಿಲ್ಲ, ಯಾಕಂದ್ರ ಆಕಿ ಕೇಳಿದ್ದು ಕಲ್ತು ಹ್ವಾದವ್ರನ್ನ, ನನ್ನ ತಲ್ಯಾಗ ಬಂದದ್ದು ಅಲ್ಲಿ ಕಲಿಸಿ ಹ್ವಾದವ್ರು. ಬರದ ಕಳಸ್ತೀನಿ ಅಂದೆ. ಬರಿಯಾಕ ಕುಂತ್ರ ಇಷ್ಟ ಉದ್ದ ಆತು.

ಮೊದಲ ಒಂದ್ ಮಾತು. ನಮ್ಮ ಕಡಿ ಕಾಲೇಜುಗೋಳ ಬಗ್ಗೆ ಮಾತಾಡುವಾಗ ಮಂದಿ ಮಿನಿಸ್ಟರ್ ಹೆಸರು ಹೇಳ್ತಾರ, ಎಂಪಿ ಹೆಸರು ಹೇಳ್ತಾರ, ದೊಡ್ಡ ಕಂಪನಿ ಸಾಹೇಬರ ಹೆಸರು ಹೇಳ್ತಾರ. ಅವ್ರೂ ಬೇಕು. ಆದ್ರ ಒಂದ್ ಕಾಲೇಜಿನ ಕಸುವು ಎಷ್ಟೈತಿ ಅಂತ ತಿಳಿಬೇಕಂದ್ರ ಅಲ್ಲಿ ಕ್ಲಾಸ್‌ರೂಮಿನ್ಯಾಗ ಚಾಕ್‌ಪೀಸ್ ಹಿಡಕೊಂಡು ನಿಂತವ್ರು ಯಾರು, ಅವ್ರು ಇಲ್ಲಿ ಇದ್ದಾಗ ಏನ್ ಓದಿದ್ರು ಏನ್ ಬರದ್ರು, ಈ ಊರಿಂದ ಏನ್ ತಗೊಂಡು ಹ್ವಾದ್ರು ಅಂತ ನೋಡಬೇಕು ಅಂತ ನನಗನಸ್ತೈತಿ. ಲಿಂಗರಾಜ ಕಾಲೇಜಿನ ವಿಷಯದಾಗ ಇದು ಇನ್ನೂ ಖರೇ, ಯಾಕಂದ್ರ ಆ ಕಾಲೇಜು ನಡಸೂ ಸಂಸ್ಥಾ ಕಟ್ಟಿದವ್ರ ಮಾಸ್ತರು.

1916ರ ನವೆಂಬರ್ 13ಕ್ಕ ಬೆಳಗಾವ್ಯಾಗ ಒಂದ್ ಆಂಗ್ಲೋ ವರ್ನಾಕ್ಯುಲರ್ ಶಾಲಿ ಶುರು ಆತು, ಅದ ಕೆಎಲ್‌ಇ, ಅಂದ್ರ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯ ಹುಟ್ಟು. ಕಟ್ಟಿದವ್ರು ಏಳು ಮಂದಿ: ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟೀಮನಿ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ವಿ.ವಿ. ಪಾಟೀಲ. ಬೆಳಗಾವಿ ಮಂದಿ ಇವ್ರಿಗೆ ಸಪ್ತರ್ಷಿಗಳು ಅಂತಾರ. ಆಗ ನಾವು ಮುಂಬೈ ಪ್ರಾಂತದಾಗಿದ್ವಿ, ಇಂಗ್ಲಿಷ್ ಕಲಿಯಾಕ ಹೊಂಟ ಕನ್ನಡದ ಹುಡುಗಗ ತನ್ನ ಮಾತಿನ್ಯಾಗ ಹೇಳಿಕೊಡೋ ಶಾಲಿ ಸಿಗೋದ ಕಷ್ಟ, ಡಿಗ್ರಿ ಮಾಡಬೇಕಂದ್ರ ಪುಣೆಕ್ಕ ಹೋಗಬೇಕು. ಮುಂದ 1917ರಾಗ ಧಾರವಾಡದಾಗ ಕರ್ನಾಟಕ ಕಾಲೇಜು ಶುರು ಆದ ಮ್ಯಾಲೆ ಅಲ್ಲಿಗೆ. ಗೋಕಾಕ ತಾಲ್ಲೂಕಿನ ಮಮದಾಪುರದಾಗ ಹುಟ್ಟಿದ ಡಿ.ಸಿ. ಪಾವಟೆಯವ್ರು ಹಂಗ ಧಾರವಾಡಕ್ಕ ಹೋಗಿ, ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ ಗಣಿತದಾಗ ರಾಂಗ್ಲರ್, ಅಂದ್ರ ಅಲ್ಲಿನ ಗಣಿತದ ಡಿಗ್ರ್ಯಾಗ ಮೊದಲ ದರ್ಜೆ ಪಾಸ್ ಆಗಿ ಬಂದ್ರು, 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಆಗಿದ್ರು, ಮುಂದ ಪಂಜಾಬಿನ ಗವರ್ನರ್ ಆದ್ರು. ಅಂಥಾ ಹುಡುಗೂರು ನಮ್ಮ ಹಳ್ಳ್ಯಾಗ ಇನ್ನೂ ಎಷ್ಟ್ ಮಂದಿ ಇದ್ರೋ, ಮನ್ಯಾಗ ರೊಕ್ಕ ಇಲ್ಲ ಅಂತ ಹೊಲಾ ಹಿಡದವ್ರು.

ಬೆಳಗಾವ್ಯಾಗನ ಕಾಲೇಜು ಆಗಿದ್ದು 1933ರಾಗ. ಹೆಸರು ಶಿರಸಂಗಿ ಲಿಂಗರಾಜ ದೇಸಾಯರದು. ಇವ್ರು ತೀರಿಕೊಂಡಿದ್ದು 1906ರಾಗ, ಅಂದ್ರ ಕಾಲೇಜು ಶುರು ಆಗೂದಕ್ಕ 27 ವರ್ಷ ಮೊದಲ. ತಮ್ಮ ಆಸ್ತಿಯನ್ನ ಹುಡುಗೂರ ವಿದ್ಯಾಭ್ಯಾಸಕ್ಕ ಅಂತ ಮೃತ್ಯುಪತ್ರ ಬರದಿಟ್ಟು ಹ್ವಾದವ್ರು, ಆ ಟ್ರಸ್ಟಿನ ಸ್ಕಾಲರ್‌ಶಿಪ್ ಮ್ಯಾಲೆ ಕಲ್ತವ್ರು ಈ ಸೀಮ್ಯಾಗ ಭಾಳ ಮಂದಿ ಅದಾರ. ಸವದತ್ತಿ ರೋಡಿಗೆ ಹ್ವಾದಾಗ ಶಿರಸಂಗಿಗೆ ಹೋಗಿ ಆ ವಾಡೇ ನೋಡಿಕೊಂಡು ಬಾ ಅಂತ ಆಕಿಗೆ ಹೇಳೀನಿ.

ಈಗ ನನ್ನ ಕತಿ ಸ್ವಲ್ಪ. ನಾನು 1998ರಾಗ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯಿಂದ ಬಂದು ಬಿ.ಎ.ಕ್ಕ ಅಲ್ಲಿ ಸೇರ್ಕೊಂಡೆ. ಕೆಂಪ ಬಸ್ಸಿನ್ಯಾಗ ಬಂದು ಇಳದು ಚನ್ನಮ್ಮ ಸರ್ಕಲ್ ದಾಟಿ ಕಾಲೇಜ ರೋಡ್ ಹಿಡದು ನಡದ ಹೋಗೋದು, ಬ್ಯಾಗಿನ್ಯಾಗ ಅವ್ವ ಕಟ್ಟಿಕೊಟ್ಟ ರೊಟ್ಟಿ ಶೇಂಗಾಚಟ್ನಿ. ಸಿಟಿ ಹುಡುಗೂರ ಮುಂದ ಬಾಯಿ ತೆರಿಯಾಕ ಹೆದರಿಕಿ ಆಗತಿತ್ತು. ಮರಾಠಿ ಬರ್ತಿರಲಿಲ್ಲ, ಇಂಗ್ಲಿಷ್ ಬರ್ತಿರಲಿಲ್ಲ, ಕನ್ನಡ ಬರ್ತಿತ್ತು ಆದ್ರ ನನ್ನ ಕನ್ನಡಕ್ಕ "ಪುಸ್ತಕದಾಗಿನಂಗ ಮಾತಾಡೋ" ಅಂತಿದ್ರು. ಮೊದಲ ವರ್ಷ ಪೂರಾ ನಾನು ಕ್ಲಾಸಿನ್ಯಾಗ ಒಂದ್ ಪ್ರಶ್ನಿನೂ ಕೇಳಿಲ್ಲ. ಎರಡನೇ ವರ್ಷ ನಮ್ಮ ಇಂಗ್ಲಿಷ್ ಸರ್ ಒಬ್ರು, ನಾನು ವಚನ ಬಾಯಿಪಾಠ ಮಾಡಿದ್ದು ಹೆಂಗೋ ಗೊತ್ತಾಗಿ, ಸ್ಟಾಫ್ ರೂಮಿಗೆ ಕರದು ಒಂದ್ ಸಣ್ಣ ಪುಸ್ತಕ ಕೈಯಾಗ ಕೊಟ್ರು. ಎ.ಕೆ. ರಾಮಾನುಜನ್ ಅವ್ರ 'ಸ್ಪೀಕಿಂಗ್ ಆಫ್ ಶಿವ', 1973ರಾಗ ಬಂದದ್ದು, ಹಾಳಿ ಹಳದಿ ಆಗಿತ್ತು, ಬೆನ್ನಿಗೆ ಟೇಪ್ ಹಚ್ಚಿದ್ರು. "ಈ ಪುಸ್ತಕ ಬರದವ್ರು ಇಲ್ಲೇ, ಇದ ಕಾಲೇಜಿನ್ಯಾಗ, ನನ್ನಂಗ ಇಂಗ್ಲಿಷ್ ಮಾಸ್ತರ ಇದ್ರಪಾ" ಅಂದ್ರು.

ನನಗ ನಂಬಾಕ ಆಗ್ಲಿಲ್ಲ. ತೆಗದು ನೋಡಿದೆ. ಮೊದಲ ಸಿಕ್ಕ ವಚನಾನ ನನಗ ಗೊತ್ತಿದ್ದದ್ದು. ಉಳ್ಳವರು ಶಿವಾಲಯವ ಮಾಡುವರು. ನಮ್ಮೂರ ಗುಡ್ಯಾಗ ಸ್ವಾಮಾರದ ಭಜನಿಗೆ ನಮ್ಮಪ್ಪ ದಪ್ಪ ದನಿ ತಗದು ಹಾಡೂದು ಅದ ವಚನ, ಎನ್ನ ಕಾಲೇ ಕಂಬ ಅಂದಾಗ ತನ್ನ ತೊಡಿ ಮ್ಯಾಲೆ ತಾನ ಬಡಕೊಂತಿದ್ದ. ಇಂಗ್ಲಿಷಿನ್ಯಾಗ ಅದರ ಕೆಳಗ ಬಸವಣ್ಣ ಅಂತ ಬರದು ಮುಂದ ಒಂದ್ ನಂಬರ್ ಇತ್ತು, 820.

ಆ 820 ಅನ್ನೋದು ಏನು ಅಂತ ತಿಳಕೊಳ್ಳಾಕ ನನಗ ಒಂದ್ ತಿಂಗಳ ಹಿಡೀತು, ತಿಳದ ಮ್ಯಾಲೆ ಆ ಕಾಲೇಜು ನನಗ ಬ್ಯಾರೆನ ಕಾಣಾಕ ಹತ್ತಿತು. ಹೇಳ್ತೀನಿ.

ರಾಮಾನುಜನ್ ಅವ್ರು ಬಸವಣ್ಣನ ವಚನಗೋಳನ್ನ ತಗೊಂಡಿದ್ದು ಎಸ್.ಎಸ್. ಬಸವನಾಳರು ಸಂಪಾದನೆ ಮಾಡಿದ ಪುಸ್ತಕದಿಂದ, ಧಾರವಾಡದಾಗ ಅಚ್ಚಾದ ಬಸವಣ್ಣನವರ ಷಟ್‌ಸ್ಥಲದ ವಚನಗಳು. 820 ಅನ್ನೋದು ಆ ಪುಸ್ತಕದಾಗಿನ ನಂಬರ್. ಬಸವನಾಳ ಅಂದ್ರ ಯಾರು, ಮ್ಯಾಲೆ ಹೇಳಿದ ಏಳು ಮಂದ್ಯಾಗ ಮೊದಲನೇ ಹೆಸರು. ಶಾಲಿ ಕಟ್ಟಾಕ ಓಡ್ಯಾಡಿದ ಮಾಸ್ತರ, ರಾತ್ರಿ ಕುಂತು ತಾಡೋಲೆ, ಕೈಬರಹದ ಪ್ರತಿ ಹೋಲಿಸಿ ನೋಡಿ ಯಾವ ಪಾಠ ಸರಿ ಯಾವುದು ತಪ್ಪು ಅಂತ ತೂಗಿ ಒಂದೊಂದು ವಚನಕ್ಕ ನಂಬರ್ ಹಾಕಿಟ್ಟು ಹ್ವಾದವ್ರು. 1944ರಾಗ ರಬಕವ್ಯಾಗ ಕನ್ನಡ ಸಾಹಿತ್ಯ ಸಮ್ಮೇಳನ ಆದಾಗ ಅಧ್ಯಕ್ಷರು ಇವ್ರ. 1951ರಾಗ ತೀರಿಕೊಂಡ್ರು. ರಾಮಾನುಜನ್ ಬೆಳಗಾವಿಗೆ ಬಂದಿದ್ದು 1952ರಾಗ. ಅಂದ್ರ ಇಬ್ರೂ ಈ ಕಾಲೇಜಿನ್ಯಾಗ ಒಬ್ಬರನ್ನೊಬ್ರು ನೋಡಿಲ್ಲ, ಒಂದ್ ವರ್ಷದ ಅಂತರ, ಆದ್ರೂ ಒಬ್ರು ಹಾಕಿದ ನಂಬರನ್ನ ಇನ್ನೊಬ್ರು ಇಂಗ್ಲಿಷಿನ್ಯಾಗ ಜಗತ್ತಿಗೆಲ್ಲಾ ಒಯ್ದು ಮುಟ್ಟಿಸಿದ್ರು. ಇವತ್ತು ಎಲ್ಲೋ ಅಮೆರಿಕಾದ ಕಾಲೇಜಿನ್ಯಾಗ ಹುಡುಗ ಒಬ್ಬ ಬಸವಣ್ಣ 820 ಅಂತ ಓದಿದ್ರ ಅವನಿಗೆ ಗೊತ್ತಿರಲಿಕ್ಕಿಲ್ಲ, ಆ ಎಣಿಕಿ ಮಾಡಿದ ಕೈ ನಮ್ಮ ಬೆಳಗಾವಿ ಮಾಸ್ತರಂದು ಅಂತ. ನನಗ ಈಗಲೂ ಆ ನಂಬರ್ ನೋಡಿದ್ರ ಮೈ ಜುಂ ಅಂತೈತಿ.

ನಡಬರಕ ಇನ್ನೊಬ್ರು ಅದಾರ, ಅವ್ರನ್ನ ಮಂದಿ ಮರತಾರ. ಕೆ.ಆರ್. ಶ್ರೀನಿವಾಸ ಅಯ್ಯಂಗಾರ್. ಭಾರತದವ್ರು ಇಂಗ್ಲಿಷಿನ್ಯಾಗ ಬರದ ಸಾಹಿತ್ಯ ಅಂತ ಒಂದೈತಿ, ಅದನ್ನ ಕುಂತು ಅಭ್ಯಾಸ ಮಾಡಬೇಕು ಅಂತ ಮೊದಮೊದಲ ಹೇಳಿದವ್ರು, 1962ರಾಗ ಅವ್ರು ಬರದ 'ಇಂಡಿಯನ್ ರೈಟಿಂಗ್ ಇನ್ ಇಂಗ್ಲಿಷ್' ಅನ್ನೋ ದಪ್ಪ ಪುಸ್ತಕ ಎಂ.ಎ. ಇಂಗ್ಲಿಷ್ ಮಾಡಿದವ್ರಿಗೆ ಯಾರಿಗೂ ಹೊಸದಲ್ಲ. ಅವ್ರೂ ಲಿಂಗರಾಜ ಕಾಲೇಜಿನ ಇಂಗ್ಲಿಷ್ ಮಾಸ್ತರು, ರಾಮಾನುಜನ್‌ಗಿಂತ ಮುಂಚೆ. ಆಮ್ಯಾಲೆ ಆಂಧ್ರ ಯುನಿವರ್ಸಿಟಿಗೆ ಹೋಗಿ ಅಲ್ಲಿ ವೈಸ್ ಚಾನ್ಸಲರ್ ತನಕ ಆದ್ರು. ಇಲ್ಲಿದ್ದಾಗ ಬಸವನಾಳರ ಜೋಡಿ ಕುಂತು 1940ರಾಗ 'ಮ್ಯೂಸಿಂಗ್ಸ್ ಆಫ್ ಬಸವ' ಅಂತ ಬಸವಣ್ಣನ ವಚನಗೋಳ ಇಂಗ್ಲಿಷ್ ಪುಸ್ತಕ ತಂದ್ರು. ಕನ್ನಡ ವಚನದ ಒಳಹೊರಗು ಬಸವನಾಳರಿಗೆ ಗೊತ್ತು, ಇಂಗ್ಲಿಷ್ ಇವ್ರ ಕೈಯಾಗಿತ್ತು, ಇಬ್ರೂ ಸೇರಿ ಮಾಡಿದ ಕೆಲಸ ಅದು. ರಾಮಾನುಜನ್ ಅವ್ರ ಪುಸ್ತಕಕ್ಕೂ ಇದಕ್ಕೂ 33 ವರ್ಷದ ಅಂತರ. ಒಂದ ಕಾಲೇಜು, ಒಂದ ಬಸವಣ್ಣ, ಇಬ್ರು ಇಂಗ್ಲಿಷ್ ಮಾಸ್ತರು, ಇಬ್ಬರ ಮಾತೃಭಾಷಾನೂ ಕನ್ನಡ ಅಲ್ಲ, ತಮಿಳು ಮನಿತನ.

820ನೇ ವಚನಕ್ಕ ತಿರುಗಿ ಬರ್ತೀನಿ. ಕಡೀ ಸಾಲು ಐತೆಲ್ಲ, ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ. ನಮ್ಮ ಊರಾಗ ಜಂಗಮ ಅಂದ್ರ ಮನಿಗೆ ಭಿಕ್ಷಾಕ್ಕ ಬರೋ ಅಯ್ಯನೋರು, ಸ್ಥಾವರ ಅಂದ್ರ ಗುಡಿ, ಇಷ್ಟ ನನ್ನ ತಲ್ಯಾಗಿದ್ದದ್ದು. ರಾಮಾನುಜನ್ ಆ ಎರಡು ಶಬ್ದ ಬಿಡಿಸಿ ಬಿಡಿಸಿ ತೋರಸ್ತಾರ, ಸ್ಥಾವರ ಅಂದ್ರ ನಿಂತದ್ದು, ಜಂಗಮ ಅಂದ್ರ ನಡಿಯೂದು. ಸ್ಥಾವರದಾಗಿನ ಆ 'ಸ್ಥಾ' ಐತೆಲ್ಲ, ಅದೂ ಇಂಗ್ಲಿಷಿನ ಸ್ಟ್ಯಾಂಡ್, ಸ್ಟ್ಯಾಚ್ಯೂ, ಸ್ಟೇ ಅನ್ನೋವೂ ಎಲ್ಲಾ ಒಂದ ಬೇರಿನವು ಅಂತ ಹೇಳ್ತಾರ. ಅದನ್ನ ಓದಿದ ದಿವಸ ನಾನು ಊರಿಗೆ ಹೋಗಿ ನಮ್ಮಪ್ಪಗ ಹೇಳಿದೆ. ಅಂವ ಎತ್ತಿಗೆ ನೀರ ಕುಡಸಾಕ ಹತ್ತಿದ್ದ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರ ಎತ್ತೂ ಜಂಗಮಾನ, ನಿಂತ ನೀರ ಸ್ಥಾವರ, ಹರಿಯೂ ನೀರ ಜಂಗಮ" ಅಂದ. ನಮ್ಮಪ್ಪ ನಾಕನೇತ್ತಾ ಓದಿದಂವ. ಇಂಗ್ಲಿಷ್ ಪುಸ್ತಕದಾಗಿನ ಮಾತು ಅಂವಗ ಎಷ್ಟ್ ಲಗೂ ತಿಳೀತು ನೋಡ್ರಿ, ಯಾಕಂದ್ರ ಅದು ಅವನ ಮಾತ ಆಗಿತ್ತು, ಅಲ್ಲೀ ತನಕ ಹೋಗಿ ತಿರುಗಿ ಬಂದಿತ್ತು.

ವಚನದ ಮಾತು ಬಂತಂದ್ರ ವಿಜಯಪುರದ ಫ.ಗು. ಹಳಕಟ್ಟಿಯವ್ರ ಹೆಸರು ಬಿಟ್ಟು ಮುಂದ ಹೋಗಾಕಾಗೂದಿಲ್ಲ. ಅವ್ರ 'ವಚನಶಾಸ್ತ್ರ ಸಾರ'ದ ಮೊದಲನೇ ಭಾಗ 1923ರಾಗ ಅಚ್ಚಾಗಿದ್ದು ಬೆಳಗಾವಿ ಮಹಾವೀರ ಪ್ರೆಸ್‌ನ್ಯಾಗ. ವಿಜಯಪುರದ ವಕೀಲರ ಹಸ್ತಪ್ರತಿ, ಬೆಳಗಾವಿ ಅಚ್ಚುಮೊಳಿ. ಮುಂದ 1925ರಾಗ ತಮ್ಮ ಮನೀನ ಮಾರಿ ಸ್ವಂತ ಪ್ರೆಸ್ ಹಾಕಿದ್ರು ಹಳಕಟ್ಟಿಯವ್ರು. ರಾಮಾನುಜನ್ ದೇವರ ದಾಸಿಮಯ್ಯನ ವಚನ ತಗೊಂಡಿದ್ದು ಇವ್ರ ಪುಸ್ತಕದಿಂದ. ವಿಜಯಪುರದ ಬಿಎಲ್‌ಡಿಇ ಅನ್ನೋ ಶಿಕ್ಷಣ ಸಂಸ್ಥಾ 1910ರಾಗ ಕಟ್ಟಿದವ್ರೂ ಇವ್ರ, ಅದು ಇನ್ನೊಂದ್ ದೊಡ್ಡ ಕತಿ, ಇನ್ನೊಮ್ಮೆ ಬರಿತೀನಿ.

ರಾಮಾನುಜನ್ ಬೆಳಗಾವ್ಯಾಗಿದ್ದಿದ್ದು ಐದ ವರ್ಷ, 1952ರಿಂದ 1957. ಬಂದಾಗ 23 ವಯಸ್ಸಿನ ಹುಡುಗ, ಮೈಸೂರಾಗ ಹುಟ್ಟಿ ಬೆಳದವ್ರು, ಕೊಲ್ಲಂದಾಗ ಒಂದ್ ವರ್ಷ ಮದುರೈದಾಗ ಒಂದ್ ವರ್ಷ ಕಲಿಸಿ ಇಲ್ಲಿಗೆ ಬಂದಿದ್ರು. ಕೆಲಸ ಶೇಕ್ಸ್‌ಪಿಯರ್, ಇಂಗ್ಲಿಷ್ ಗ್ರಾಮರ್ ಕಲಸೂದು. ಆದ್ರ ಅವ್ರು ಇಲ್ಲಿ ಮಾಡಿದ ದೊಡ್ಡ ಕೆಲಸ ಕ್ಲಾಸಿನ ಹೊರಗಿಂದು. ಈ ಸೀಮ್ಯಾಗ ಹೆಣ್ಮಕ್ಕಳು ಹೇಳೂ ಕತಿ, ಮುದುಕೇರು ಹೇಳೂ ಕತಿ ಕೂಡಸಾಕ ಶುರು ಮಾಡಿದ್ರು. ಗಾದಿ ಮಾತೂ ಕೂಡಿಸಿದ್ರು, 1955ರಾಗ ಕರ್ನಾಟಕ ವಿಶ್ವವಿದ್ಯಾಲಯ ಅವ್ರ 'ಗಾದೆಗಳು' ಅನ್ನೋ ಪುಸ್ತಕ ಅಚ್ಚು ಹಾಕಿಸಿತು. ಮೈಸೂರು ಸೀಮಿ ಮನಷ್ಯಾಗ ನಮ್ಮ ಬೆಳಗಾವಿ ಮುದುಕಿ ಮಾತು ತಿಳಿಬೇಕಂದ್ರ ಎಷ್ಟ್ ಕಿವಿಗೊಟ್ಟು ಕೇಳಿರಬೇಕು ವಿಚಾರ ಮಾಡ್ರಿ, ಆ ಕಾಲಕ್ಕ ಟೇಪ್ ರೆಕಾರ್ಡರ್ ಯಾರ ಮನ್ಯಾಗಿತ್ತು.

ಆ ಕತಿಗೋಳು ಎಲ್ಲೆಲ್ಲಿ ಹ್ವಾದ್ವು ಅಂದ್ರ ದಂಗಾಗತೈತಿ. ಹೂವಿನ ಗಿಡ ಆಗೂ ಹುಡುಗಿ ಕತಿ ಐತೆಲ್ಲ, ಎರಡ ಕೊಡ ನೀರ, ಉಗುರ ತಾಗಬಾರ್ದು, ಒಂದ್ ಕೊಡ ಸುರುವಿದ್ರ ಗಿಡಾ ಆಗ್ತಾಳ, ಇನ್ನೊಂದ್ ಕೊಡ ಸುರುವಿದ್ರ ತಿರುಗಿ ಹುಡುಗಿ ಆಗ್ತಾಳ. ಆ ಕತಿ ಅವ್ರ ಪುಸ್ತಕದಾಗ ಇಂಗ್ಲಿಷಿಗೆ ಹೋತು, ಅದನ್ನ ಓದಿದ ಜಾನ್ ಆಡಮ್ಸ್ ಅನ್ನೋ ಅಮೆರಿಕಾದ ಸಂಗೀತಗಾರರು ಅದರ ಮ್ಯಾಲೆ ಒಂದ್ ಒಪೆರಾ ಮಾಡಿದ್ರು, 2006ರಾಗ ವಿಯೆನ್ನಾದಾಗ ಅದರ ಮೊದಲನೇ ಪ್ರಯೋಗ ಆತು. ಗಿರೀಶ ಕಾರ್ನಾಡರ 'ನಾಗಮಂಡಲ' ಸುದ್ದಾ ರಾಮಾನುಜನ್ ಬಾಯಿಂದ ಕೇಳಿದ ಕತಿಗೋಳಿಂದ ಹುಟ್ಟಿದ್ದು, ಕಾರ್ನಾಡರ ಇದನ್ನ ಹೇಳ್ಯಾರ. ಬೆಳಗಾವಿ ಬಿಟ್ಟ ಮ್ಯಾಲೆ ರಾಮಾನುಜನ್ ಬರೋಡಾಕ್ಕ ಹ್ವಾದ್ರು, 1959ರಾಗ ಅಮೆರಿಕಾಕ್ಕ, 1962ರಿಂದ 1993ರಾಗ ತೀರಿಕೊಳ್ಳೂ ತನಕ ಚಿಕಾಗೋ ಯುನಿವರ್ಸಿಟ್ಯಾಗ. ಪದ್ಮಶ್ರೀ ಬಂತು, 1983ರಾಗ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ನಾನು ಹುಡುಗೂರಿಗೆ ಹೇಳೂದು ಪ್ರಶಸ್ತಿ ಸುದ್ದಿ ಅಲ್ಲ, 23 ವಯಸ್ಸಿನ ಮಾಸ್ತರ ಒಬ್ಬ ಸಾಯಂಕಾಲ ಯಾರದೋ ಪಡಸಾಲ್ಯಾಗ ಕುಂತು ಮುದುಕಿ ಮಾತು ಬರಕೊಳ್ಳೂದನ್ನ ಕಣ್ಣ ಮುಂದ ತಂದಕೋರಿ ಅಂತ.

ಸಾಖರೆಯವ್ರ ಬಗ್ಗೆ ಎರಡ ಮಾತು. ಏಳು ಮಂದ್ಯಾಗಿನ ಎರಡನೇ ಹೆಸರು, ಸಂಸ್ಕೃತ ವಿದ್ವಾಂಸರು. 1942ರಾಗ 'ಲಿಂಗಧಾರಣ ಚಂದ್ರಿಕಾ' ಅನ್ನೋ ಸಂಸ್ಕೃತ ಗ್ರಂಥಕ್ಕ ಇಂಗ್ಲಿಷಿನ್ಯಾಗ ಎಷ್ಟ್ ದೊಡ್ಡ ಪ್ರಸ್ತಾವನಾ ಬರದ್ರು ಅಂದ್ರ ಮೂಲ ಗ್ರಂಥಕ್ಕಿಂತ ಅದ ಹೆಚ್ಚು ಹೆಸರಾತು, ಲಿಂಗಾಯತ ಇತಿಹಾಸ ತತ್ತ್ವಶಾಸ್ತ್ರದ ಬಗ್ಗೆ ಬರಿಯೋರು ಇವತ್ತಿಗೂ ಅದನ್ನ ತಗದು ನೋಡ್ತಾರ.

ಈಗ ಕಂಬಾರರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿ, ಘಟಪ್ರಭಾ ನದಿ ದಂಡಿ. ಹುಟ್ಟಿದ್ದು 1937. ಕಂಬಾರಕಿ ಮನಿತನ, ಹೆಸರಿನ್ಯಾಗನ ಐತಿ. ಮನ್ಯಾಗ ಬಡತನ, ಓದು ನಡುವ ನಿಂತಿತ್ತು, ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈ ಹಿಡದು ಮುಂದ ಓದಿಸಿದ್ರು. ಆಮ್ಯಾಲೆ ಲಿಂಗರಾಜ ಕಾಲೇಜು. ಅಲ್ಲಿ ಕನ್ನಡ ಕಲಿಸಾಕ ಇದ್ದವ್ರು ಸಂ.ಶಿ. ಭೂಸನೂರಮಠ. ಕಂಬಾರರು ನನ್ನ ಗುರುಗಳು ಅಂತ ಹೇಳಿಕೊಳ್ಳೂ ಹೆಸರು ಇದು. ಭೂಸನೂರಮಠರು ಏನ್ ಸಾಮಾನ್ಯ ಪಂಡಿತರಲ್ಲ, ಅಲ್ಲಮಪ್ರಭು ಮತ್ತ ಶರಣರ ಸಂವಾದದ ಶೂನ್ಯಸಂಪಾದನೆ ಅಂಥಾ ಗ್ರಂಥದ ಗಂಟು ಒಂದೊಂದಾಗಿ ಬಿಡಿಸಿದವ್ರು, 'ಶೂನ್ಯಸಂಪಾದನೆಯ ಪರಾಮರ್ಶೆ'ಗೆ 1972ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನನಗ ಇಲ್ಲಿ ಹೇಳಬೇಕಾದ್ದು ಇದು. ಇಷ್ಟ್ ದೊಡ್ಡ ಪಂಡಿತರ ಮುಂದ ಹಳ್ಳಿ ಹುಡುಗ ಬಂದು ಕುಂತಾಗ, ಅವನ ಬಾಯಾಗ ಲಾವಣಿ ಐತಿ, ಡಪ್ಪಿನ ಪದಾ ಐತಿ, ಬಯಲಾಟದ ಮಾತೈತಿ. ಅಲ್ಲಿಂದ ಹೊರಗ ಬಂದ ಮ್ಯಾಲೂ ಅವೆಲ್ಲಾ ಅವನ ಬಾಯಾಗ ಹಂಗ ಉಳದಾವು. 1964ರಾಗ 'ಹೇಳತೇನ ಕೇಳ' ಬಂತು. ಆ ಹೆಸರ ನೋಡ್ರಿ, ಹೇಳುತ್ತೇನೆ ಅಂತಿಲ್ಲ, ಕೇಳು ಅಂತಿಲ್ಲ, ನಮ್ಮವ್ವ ಕಟ್ಟೀ ಮ್ಯಾಲೆ ಕುಂತು ಹೆಂಗ ಮಾತಾಡ್ತಾಳೋ ಹಂಗ ಐತಿ, ಪುಸ್ತಕದ ಮುಖಪುಟದ ಮ್ಯಾಲೆ. ನಾನು ಎರಡನೇ ವರ್ಷದಾಗ ಅದನ್ನ ಲೈಬ್ರರ್ಯಾಗ ನೋಡಿದಾಗ ಅರ್ಧಾ ತಾಸು ಬರೇ ಆ ಮುಖಪುಟಾನ ನೋಡಕೋತ ಕುಂತಿದ್ದೆ. ಪುಸ್ತಕದಾಗಿನಂಗ ಮಾತಾಡೋ ಅಂತ ಒಂದ್ ವರ್ಷ ಕೇಳಿ ಕೇಳಿ ಬಾಯಿ ಮುಚ್ಚಿಕೊಂಡಿದ್ದ ಹುಡುಗಗ ಪುಸ್ತಕಾನ ಅವನ ಹಂಗ ಮಾತಾಡಿತ್ತು. ಮುಂದಿನ ವಾರ ಕ್ಲಾಸಿನ್ಯಾಗ ಎದ್ದು ನಿಂತು ಮೊದಲನೇ ಪ್ರಶ್ನಿ ಕೇಳಿದೆ, ನಮ್ಮ ಮಾತಿನ್ಯಾಗನ ಕೇಳಿದೆ. ಯಾರೂ ನಗಲಿಲ್ಲ. ಸರ್ ಬೋರ್ಡಿನ ಕಡಿಯಿಂದ ತಿರುಗಿ ಪೂರಾ ಉತ್ತರಾ ಹೇಳಿದ್ರು.

ಕಂಬಾರರ 'ಜೋಕುಮಾರಸ್ವಾಮಿ' ನಾಟಕ ನಮ್ಮ ಊರಾಗ ಬುಟ್ಟ್ಯಾಗ ಜೋಕುಮಾರನ್ನ ಹೊತ್ತುಕೊಂಡು ಮನಿಮನಿಗೆ ಬರ್ತಾರಲ್ಲ, ಆ ಹಬ್ಬದ ಮ್ಯಾಲೆ ಎದ್ದು ನಿಂತದ್ದು. 'ಸಿರಿಸಂಪಿಗೆ'ಗೆ 1991ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲನೇ ಕುಲಪತಿ. 2010ರ ಜ್ಞಾನಪೀಠ. 2018ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಅಧ್ಯಕ್ಷ, 2021ರಾಗ ಪದ್ಮಭೂಷಣ. ನಡುವ ಒಂದಿಷ್ಟ ದಿನ ಚಿಕಾಗೋ ಯುನಿವರ್ಸಿಟ್ಯಾಗನೂ ಕಲಿಸಿ ಬಂದಾರ. ಲಿಂಗರಾಜ ಕಾಲೇಜಿನ ಹಳೇ ಮಾಸ್ತರ ಇದ್ದ ಊರಿಗೆ ಲಿಂಗರಾಜ ಕಾಲೇಜಿನ ಹಳೇ ಹುಡುಗ. ಅಲ್ಲಿ ಚಳ್ಯಾಗ ಇಬ್ರೂ ಕೂಡಿದ್ರ ಬೆಳಗಾವಿ ಮಾತು ಬರದ ಇರತೈತೇನು.

ಅಣ್ಣ ಲಾ ಕಾಲೇಜಿನ ಬಗ್ಗೆನೂ ಕೇಳಿದ್ದ, ಮಗಳು ಮುಂದ ಎಲ್‌ಎಲ್‌ಬಿ ಮಾಡಲಿ ಅಂತ ಅವನ ಆಸೆ. ಟಿಳಕವಾಡ್ಯಾಗಿನ ರಾಜಾ ಲಖಮಗೌಡ ಲಾ ಕಾಲೇಜು 1939ರಾಗ ಶುರು ಆದದ್ದು. ಮಂಡ್ಯ ಕಡಿಯ ಇ.ಎಸ್. ವೆಂಕಟರಾಮಯ್ಯನವ್ರು ಅಷ್ಟ್ ದೂರದಿಂದ ಬಂದು ಅಲ್ಲಿ ಕಲ್ತು, 1989ರಾಗ ಭಾರತದ ಮುಖ್ಯ ನ್ಯಾಯಮೂರ್ತಿ ಆದ್ರು. ಅವ್ರ ಮಗಳು ಬಿ.ವಿ. ನಾಗರತ್ನ ಸುಪ್ರೀಂ ಕೋರ್ಟ್ ಜಡ್ಜ್, ಇದನ್ನ ಹೇಳಿದ ಕೂಡ್ಲೆ ಅಣ್ಣನ ದನಿ ಬದಲಾತು. ಪಾಟೀಲ ಪುಟ್ಟಪ್ಪನವ್ರೂ ಲಾ ಮಾಡಿದ್ದು ಬೆಳಗಾವ್ಯಾಗ, ಆಮ್ಯಾಲೆ ಕ್ಯಾಲಿಫೋರ್ನಿಯಾಕ್ಕ ಹೋಗಿ ಪತ್ರಿಕೋದ್ಯಮ ಕಲ್ತು ಬಂದು 'ಪ್ರಪಂಚ' ನಡೆಸಿದ್ರು, 2003ರಾಗ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದ್ರು. ಆ ಸಮ್ಮೇಳನಕ್ಕ ನಾನೂ ಹೋಗಿದ್ದೆ, ಆಗ ಇನ್ನೂ ನೌಕರಿ ಸಿಕ್ಕಿರಲಿಲ್ಲ, ಪುಸ್ತಕದ ಅಂಗಡಿ ಮುಂದ ತಿರಗ್ಯಾಡಿ ತಿರಗ್ಯಾಡಿ ಕಡೀಕ ಬಸ್ಸಿನ ರೊಕ್ಕ ಉಳಿಸಿಕೊಂಡು ಒಂದ ಪುಸ್ತಕ ತಗೊಂಡು ಬಂದೆ, ಬಸವನಾಳರದು. ಮನಿಗೆ ಬಂದು ಮೊದಲ 820 ತಗದು ನೋಡಿದೆ. ಇತ್ತು.

ಆ ಪುಸ್ತಕ ಈಗ ನಾನು ಕಲಸೂ ಹೈಸ್ಕೂಲಿನ್ಯಾಗ ನನ್ನ ಟೇಬಲ್ ಮ್ಯಾಲೆ ಇರತೈತಿ. ಹತ್ತನೇತ್ತಾ ಹುಡುಗೂರಿಗೆ ವಚನ ಹೇಳುವಾಗ ನಂಬರ್ ಸುದ್ದಾ ಹೇಳ್ತೀನಿ. ಪರೀಕ್ಷೆಕ್ಕ ಬರೂದಿಲ್ಲ ಸರ್ ಅಂತಾರ. ಇರಲಿ, ಇದನ್ನ ಎಣಿಸಿದ ಮಾಸ್ತರ ಹೆಸರು ಹೇಳ್ರಿ ಅಂತೀನಿ, ಇಡೀ ಕ್ಲಾಸು ಬಸವನಾಳ ಅಂತೈತಿ.

ಇದನ್ನೆಲ್ಲಾ ಬರದು ಅರ್ಧಾ ಆದಾಗ, ಮೊನ್ನೆ ರವಿವಾರ ಊರಿಗೆ ಹೋಗಿದ್ದೆ. ಹುಡುಗಿ ಓದಿದ್ಲು. ಓದಿ ಎದ್ದು ಹೋಗಿ ನಮ್ಮವ್ವನ ಹಂತ್ಯಾಕ ಕುಂತ್ಲು. ಅವ್ವಗ ಈಗ 78. "ಆಯೀ, ಹೂವಿನ ಗಿಡ ಆಗೂ ಹುಡುಗಿ ಕತಿ ನಿನಗ ಬರ್ತೈತೇನು?" ಅಂತ ಕೇಳಿದ್ಲು. ಅವ್ವ ಜ್ವಾಳಾ ಹಸನ ಮಾಡಾಕ ಹತ್ತಿದ್ಲು, ಮರಾ ಕೆಳಗ ಇಡದನ, "ಬರ್ತೈತಿ. ಹಗಲಿ ಹೇಳಬಾರ್ದವಾ, ಹಗಲಿ ಕತಿ ಹೇಳಿದ್ರ ಸ್ವಾದರಮಾವ ದಾರಿ ತಪ್ಪತಾನ" ಅಂದ್ಲು.

ರಾತ್ರಿ ಊಟ ಆದ ಮ್ಯಾಲೆ ಪಡಸಾಲ್ಯಾಗ ಹಾಸಿಗಿ ಹಾಸಿದ್ರು. ಹುಡುಗಿ ಮೊಬೈಲ್ ರೆಕಾರ್ಡಿಂಗ್ ಚಾಲೂ ಮಾಡಿ ಅವ್ವನ ತಲಿದಿಂಬಿನ ಹಂತ್ಯಾಕ ಇಟ್ಲು. ಅವ್ವ ಅದನ್ನ ಒಮ್ಮೆ ನೋಡಿ, ಸೆರಗ ಸರಿ ಮಾಡಿಕೊಂಡು ಶುರು ಮಾಡಿದ್ಲು. "ಒಂದೂರಾಗ ಒಬ್ಬಾಕಿ ಮುದುಕಿ ಇದ್ಲಂತ. ಆಕಿಗೆ ಇಬ್ರು ಹೆಣ್ಮಕ್ಕಳಂತ. ಹೂಂ ಅನ್ನವಾ, ನೀ ಹೂಂ ಅನ್ನದಿದ್ರ ಕತಿ ಮುಂದ ಹೋಗೂದಿಲ್ಲ."

"ಹೂಂ" ಅಂದ್ಲು ಹುಡುಗಿ.